ಸಾವಿನ ಮನೆಯ ಅನ್ನ

ರಸ್ಮಿಯ್ಯಾಳನ್ನು ಮಣ್ಣು ಮಾಡಿ ಗಂಡಸರು ಮನೆಗೆ ಬಂದಾಗ ನಾಲ್ಕು ಗಂಟೆ. ಈಗ ಐದಕ್ಕೆ ಹತ್ತು ನಿಮಿಷವಿತ್ತು. ಊಟ ಬಂದಿರಲಿಲ್ಲ.

ಇನ್ಸಾಫ್ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಬೆನ್ನ ಹಿಂದೆ ಒಲೆ ತಣ್ಣಗಿತ್ತು. ನಿನ್ನೆ ಸಂಜೆ ಅಕ್ಕ ರಸ್ಮಿಯ್ಯಾ ಹಾಲು ಕಾಯಿಸಿದ ಪಾತ್ರೆ ಅದರ ಮೇಲೆ ಹಾಗೇ ಇತ್ತು. ಕೆನೆ ಒಣಗಿ ಅಂಚಿಗೆ ಹತ್ತಿಕೊಂಡಿತ್ತು. ಬೆಳಗಿನ ಜಾವ ಐದಕ್ಕೆ ಎದೆ ಹಿಡಿದುಕೊಂಡು ಎದ್ದವಳು ಆರಕ್ಕೆ ಇರಲಿಲ್ಲ. ಎಪ್ಪತ್ತು ವರ್ಷದ ಹೆಂಗಸು. ಹಾಲು ಕಾಯಿಸಿದ್ದೇ ಕೊನೆಯ ಅಡುಗೆ.

ಹಜಾರದಲ್ಲಿ ಹದಿನೇಳು ಜನ ಕೂತಿದ್ದರು. ರಸ್ಮಿಯ್ಯಾಳ ಇಬ್ಬರು ಗಂಡುಮಕ್ಕಳು, ಅವರ ಹೆಂಡಂದಿರು, ಬೀಗರು, ಮೊಮ್ಮಕ್ಕಳು. ಎಲ್ಲರೂ ಜೆನಿನ್ ಕಡೆಯ ಹಳ್ಳಿಯಿಂದ ಒಂದೇ ವ್ಯಾನಿನಲ್ಲಿ ಬಂದವರು. ಒಂದು ಗಂಟೆಯ ದಾರಿಗೆ ಐದು ಗಂಟೆ ಹಿಡಿದಿತ್ತು. ಚೆಕ್‌ಪೋಸ್ಟಿನಲ್ಲಿ ಸೈನಿಕರು ವ್ಯಾನ್ ಪಕ್ಕಕ್ಕೆ ಹಾಕಿಸಿ, ಎಲ್ಲರ ಗುರುತಿನ ಚೀಟಿ ತೆಗೆದುಕೊಂಡು ಒಳಗೆ ಹೋಗಿದ್ದರಂತೆ. ಗಂಡುಮಕ್ಕಳು ಬರುವವರೆಗೆ ಹೆಣ ಎತ್ತುವ ಹಾಗಿರಲಿಲ್ಲ. ಮಧ್ಯಾಹ್ನದ ನಮಾಜಿಗೆ ಆಗಬೇಕಿದ್ದ ಮಣ್ಣು ಮೂರರ ನಮಾಜಿಗೆ ಹೋಯಿತು. ಮಕ್ಕಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮೊದಲು ಅಳುತ್ತಿದ್ದವು, ಈಗ ಸುಮ್ಮನೆ ಖರ್ಜೂರದ ಬೀಜ ಚೀಪುತ್ತಿದ್ದವು.

ಅಕ್ಕನ ದೊಡ್ಡ ಮಗ ಸುಹೈಲ್ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಗೋರಿಯ ಮಣ್ಣು ಅವನ ಪ್ಯಾಂಟಿನ ಮೊಣಕಾಲಿಗೆ ಮೆತ್ತಿತ್ತು.

"ಖಾಲ್ತೊ, ಇವತ್ತಿನ ಊಟ ಯಾರದು?" ಚಿಕ್ಕಮ್ಮನನ್ನು ಕೇಳಿದ.

"ಬರುತ್ತೆ."

"ಯಾರದು ಅಂತ ಕೇಳ್ದೆ."

ಊಟ ಬರುವುದಿಲ್ಲವೆಂದು ಇನ್ಸಾಫಳಿಗೆ ಬೆಳಿಗ್ಗೆ ಹತ್ತು ಗಂಟೆಗೇ ಗೊತ್ತಾಗಿತ್ತು. ನಾಬ್ಲುಸಿನ ಯಾಸ್ಮೀನಾ ಕೇರಿಯಲ್ಲಿ ಸಾವಿನ ಮನೆಯವರು ಮೂರು ದಿನ ಒಲೆ ಹಚ್ಚುವುದಿಲ್ಲ, ಊಟ ನೆರೆಯವರದು. ಹೆಣ ಮನೆಯಲ್ಲಿರುವಾಗಲೇ ಅದಕ್ಕಾಗಿ ಜಗಳ ಆಗುತ್ತದೆ. 'ಇವತ್ತಿನ ಊಟ ನಮ್ದು', 'ಏಯ್, ಹೋದ ಸಲವೂ ನೀವೇ ಮಾಡಿದ್ರಿ, ಈ ಸಲ ನಮ್ದು' ಎಂದು ಹೆಂಗಸರು ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟುತ್ತಾ ಕಿತ್ತಾಡುತ್ತಾರೆ. ಮೂರು ದಿನದ ಊಟ ಮಾತಾಗಿ ಮುಗಿದ ಮೇಲೆಯೇ ಹೆಣಕ್ಕೆ ನೀರು. ಇವತ್ತು ಕೇರಿಯ ಹೆಂಗಸರೆಲ್ಲ ಬಂದರು. ಮೈ ತೊಳೆದರು, ಅತ್ತರು, ಸಕ್ಕರೆ ಹಾಕದ ಕಾಫಿ ಫ್ಲಾಸ್ಕಿನಲ್ಲಿ ತಂದು ಹಂಚಿದರು. ಊಟದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹೆಣ ಎತ್ತಿದ ಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋದರು.

"ಹೋಟೆಲಿಂದ ತರಿಸಲಾ? ಚೌಕದಲ್ಲಿ ನನ್ನ ಪರಿಚಯದವನಿದ್ದಾನೆ," ಸುಹೈಲ್ ಕೇಳಿದ.

"ನಿಮ್ಮಮ್ಮನಿಗೆ ನೆರೆಮನೆ ಇರಲಿಲ್ಲ ಅಂತ ಊರಿಗೆಲ್ಲ ಸಾರಬೇಕಾ?"

"ಮತ್ತೆ ಮಕ್ಕಳು ಏನು ತಿನ್ನಬೇಕು, ನಿನ್ನ ಪುಸ್ತಕಾನಾ?"

ಅಂದ ಕೂಡಲೇ ಅವನಿಗೇ ಕೆಡುಕೆನಿಸಿತು. ಮುಖ ಒರೆಸಿಕೊಂಡ. "ತಪ್ಪು ತಿಳ್ಕೋಬೇಡ ಖಾಲ್ತೊ. ತಲೆ ಕೆಟ್ಟಿದೆ."

"ಇಲ್ಲ ಬಿಡು. ಸರಿಯಾಗೇ ಕೇಳ್ದೆ."

ಅವಳಿಗೆ ಅರವತ್ತೊಂದು. ಎರಡು ಮೊಣಕಾಲೂ ಹೋಗಿದ್ದವು. ಎಡಗೈ ಮೇಲೆ ಸುಟ್ಟ ಗಾಯಗಳ ಕಲೆ ಒಂದರ ಮೇಲೊಂದು ಬಿದ್ದು ಚರ್ಮ ಬೇರೆಯವರದ್ದು ಎನ್ನುವಂತಿತ್ತು. ಇದೇ ಕೇರಿಯ ಕೆಳಗಿನ ತುದಿಯಲ್ಲಿ ಅವಳ ಅಪ್ಪನ ಬೇಕರಿ ಇತ್ತು. ಮನೆಮನೆಯಿಂದ ತಟ್ಟೆಗಳು ಅಲ್ಲಿಗೆ ಬರುತ್ತಿದ್ದವು. ಮಾಂಸದ್ದು, ಬದನೆಕಾಯಿಯದ್ದು, ಹಬ್ಬದ ಕಡುಬಿನದ್ದು. ಮನೆಯ ಒಲೆಯಲ್ಲಿ ಬೇಯದ್ದನ್ನೆಲ್ಲ ಅಪ್ಪ ತನ್ನ ಕಲ್ಲಿನ ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದ. ಯಾರದು ಯಾವುದೆಂದು ಗುರುತಿಡುವುದು ಇನ್ಸಾಫಳ ಕೆಲಸ. ಹತ್ತು ವರ್ಷಕ್ಕೇ ಅವಳಿಗೆ ಚೀಟಿ ಬೇಕಿರಲಿಲ್ಲ. ಈರುಳ್ಳಿ ಹೆಚ್ಚಿದ ರೀತಿ ನೋಡಿ ಮನೆ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಈ ವಾರ ಮಾಂಸಕ್ಕೆ ದುಡ್ಡಿಲ್ಲ, ಯಾರ ಸೊಸೆ ಹೊಸಬಳು, ಯಾರು ಕೋಪದಲ್ಲಿ ಹಿಟ್ಟು ನಾದಿದ್ದಾರೆ, ಎಲ್ಲ ತಟ್ಟೆಯಲ್ಲೇ ಕಾಣುತ್ತಿತ್ತು. ಹತ್ತೊಂಬತ್ತಕ್ಕೆ ಅಮ್ಮಾನಿನ ಒಂದು ಹೋಟೆಲಿನ ಅಡುಗೆಮನೆ ಸೇರಿದಳು. ಆಮೇಲೆ ಲಂಡನ್. ಇಪ್ಪತ್ತೆರಡು ವರ್ಷ ಪರರ ಅಡುಗೆಮನೆಗಳಲ್ಲಿ ದುಡಿದು, ಕೊನೆಗೆ ಬಾಗಿಲ ಮೇಲೆ ತನ್ನ ಹೆಸರಿದ್ದ ಒಂದು ಸಣ್ಣ ಹೋಟೆಲು ನಡೆಸಿದಳು. ಮದುವೆ ಆಗಲಿಲ್ಲ. ಹುಡುಗರು ಬಂದಿದ್ದರು, ಅವಳಿಗೆ ಬಿಡುವಿರಲಿಲ್ಲ.

ಎರಡು ಪುಸ್ತಕ ಬರೆದಳು. ಮೊದಲನೆಯದು ಅಪ್ಪನ ಒಲೆಗೆ ಬರುತ್ತಿದ್ದ ತಟ್ಟೆಗಳ ಬಗ್ಗೆ. ಎರಡನೆಯದಕ್ಕೆ ಬೇಸಿಗೆ ಬೇಸಿಗೆಗೂ ಬಂದು ಹೆಬ್ರೋನಿನಿಂದ ಗಲಿಲಿಯವರೆಗೆ ಸುತ್ತಿದಳು. ಇನ್ನೂರು ಮುದುಕಿಯರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವರು ಹಿಡಿಯಲ್ಲಿ ಹಾಕಿದ ಉಪ್ಪನ್ನು ತಡೆದು ತಕ್ಕಡಿಯಲ್ಲಿ ತೂಗಿ ಬರೆದುಕೊಂಡಳು. ಆ ಪುಸ್ತಕಕ್ಕೆ ಬಹುಮಾನ ಬಂತು. ಜನ ಅವಳನ್ನು ವೇದಿಕೆಗಳಿಗೆ ಕರೆದರು. ಪ್ರತಿ ವೇದಿಕೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕಡಲೆಕಾಳು ರುಬ್ಬಿ ಮಾಡುವ ಹಮ್ಮುಸ್ ನಿಜಕ್ಕೂ ಯಾವ ಜನರದು ಎಂಬ ಪ್ರಶ್ನೆಗೆ ಅವಳು ಎಷ್ಟು ಸಲ ಉತ್ತರ ಕೊಟ್ಟಿದ್ದಳೆಂದರೆ, ಕೊನೆಕೊನೆಗೆ ಕಡಲೆಕಾಳು ನೋಡಿದರೇ ಸುಸ್ತಾಗುತ್ತಿತ್ತು. ಆರು ವರ್ಷದ ಹಿಂದೆ ಹೋಟೆಲು ಮುಚ್ಚಿ, ವಿಧವೆ ಅಕ್ಕ ಒಬ್ಬಳೇ ಇದ್ದ ಅಪ್ಪನ ಮನೆಗೆ ಬಂದುಬಿಟ್ಟಳು. ಬಂದ ಮೇಲೆ ಅಡುಗೆ ಮಾಡಿದ್ದು ಕಡಿಮೆ. ಅಕ್ಕ ಬೇಯಿಸುತ್ತಿದ್ದಳು, ಇವಳು ತಿನ್ನುತ್ತಿದ್ದಳು. ಅದಕ್ಕೇ ಬಂದದ್ದು.

ಕೇರಿಯವರು ಅವಳನ್ನು 'ಶೆಫ್' ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಟುಕು ಎಷ್ಟು ಎಂದು ಅವಳು ತೂಗಲು ಹೋಗಿರಲಿಲ್ಲ. ನೆರೆಮನೆಗಳಿಂದ ತಟ್ಟೆ ಬರುವುದು ನಿಂತಿತ್ತು. ಹೋಗುವುದು ನಿಂತಿರಲಿಲ್ಲ. ಅಕ್ಕ ವಾರಕ್ಕೊಮ್ಮೆ ಏನಾದರೂ ಮಾಡಿ ಪಕ್ಕದ ಮನೆಗೆ, ಎದುರು ಮನೆಗೆ ತಾನೇ ಹೊತ್ತುಕೊಂಡು ಹೋಗುತ್ತಿದ್ದಳು. ಯಾರೇ ಸತ್ತರೂ ಮೊದಲ ದಿನದ ಊಟ ತನ್ನದೆಂದು ಜಗಳವಾಡಿ ಪಡೆಯುತ್ತಿದ್ದಳು. 'ಯಾಕೆ ಇಷ್ಟು ಒದ್ದಾಡ್ತೀಯ?' ಎಂದು ಇನ್ಸಾಫ್ ಕೇಳಿದರೆ, 'ನಿನಗೆ ಬರೆಯೋ ಚಟ, ನನಗೆ ಹಂಚೋ ಚಟ' ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಯಾಕೆಂದು ಇನ್ಸಾಫಳಿಗೆ ಗೊತ್ತಿಲ್ಲದೆ ಇರಲಿಲ್ಲ. ಎರಡನೇ ಪುಸ್ತಕದ ಅರಬ್ಬಿ ಅನುವಾದ ಬಂದಾಗ ಶಾಲೆಯ ಮೇಷ್ಟ್ರು ಮುನೀಫ್ ಅದನ್ನು ಕಿರಾಣಿ ಅಂಗಡಿಯ ಮುಂದೆ ಗಟ್ಟಿಯಾಗಿ ಓದಿದ್ದ. ಇನ್ನೂರ ಹನ್ನೆರಡನೇ ಪುಟದಲ್ಲಿ ಅವಳು ಹೀಗೆ ಬರೆದಿದ್ದಳು: 'ನಮ್ಮ ಕೇರಿಯಲ್ಲಿ ಸಾವಿನ ಮನೆಯ ಅನ್ನ ಯಾವಾಗಲೂ ಬೆಂದು ಮುದ್ದೆಯಾಗಿರುತ್ತದೆ, ಮಾಂಸ ಹಗ್ಗದಂತಿರುತ್ತದೆ. ಅಳುವವರಿಗೆ ರುಚಿ ತಿಳಿಯದೆಂದು ಬೇಯಿಸುವವರಿಗೆ ಗೊತ್ತು. ನನ್ನ ತಾಯಿ ಸತ್ತ ದಿನ ನೆರೆಮನೆಯವರು ತಂದ ಊಟವನ್ನು ನಾನು ಇವತ್ತಿಗೂ ಮರೆತಿಲ್ಲ.' ಪರದೇಶದ ಓದುಗರು ಈ ಮಾತನ್ನು ಮೆಚ್ಚಿ ಕಾಗದ ಬರೆದಿದ್ದರು. ಕೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆ ನೆರೆಮನೆ ಯಾವುದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಬಾಸಿಲನ ತಾಯಿ, ಉಮ್ ಬಾಸಿಲಳದು. ಕೆಳಗಿನ ಮಹಡಿ, ಹಸಿರು ಬಾಗಿಲು.

ಹನ್ನೊಂದು ವರ್ಷ ಆಗಿತ್ತು. ಇವತ್ತು ಉತ್ತರ ಬಂದಿತ್ತು.

ಹಜಾರದಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು. ಬರೀ ಹೊಟ್ಟೆಗೆ ಕಹಿ ಕಾಫಿ ಕುಡಿಸಿದ್ದು ಯಾರೋ. ಸೊಸೆಯೊಬ್ಬಳು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಬೀಗಿತ್ತಿ, ತನಗೆ ಮಾತ್ರ ಕೇಳಿಸುವಂತೆ ಎಂದುಕೊಂಡು ಎಲ್ಲರಿಗೂ ಕೇಳಿಸುವಂತೆ ಅಂದಳು: "ದೊಡ್ಡ ಪಟ್ಟಣ. ನಮ್ಮ ಹಳ್ಳೀಲಾಗಿದ್ರೆ ಇಷ್ಟು ಹೊತ್ತಿಗೆ ಎರಡು ಕುರಿ ಇಳಿದಿರೋದು."

ಇನ್ಸಾಫ್ ಎದ್ದಳು. ಅಡುಗೆಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಕ್ಕಿಯ ಡಬ್ಬ ತೆಗೆದು, ಹದಿನೇಳು ಜನಕ್ಕೆ ಎಷ್ಟೆಂದು ಯೋಚಿಸದೆಯೇ ಅಳೆದಳು. ತೊಳೆದಳು. ಮೂರನೇ ಸಲಕ್ಕೆ ನೀರು ತಿಳಿಯಾಯಿತು. ಫ್ರೀಜರಿನಲ್ಲಿ ಕೋಳಿ ಇತ್ತು. ನಲವತ್ತು ನಿಮಿಷದ ಕೆಲಸ. ಲಂಡನ್ನಿನಲ್ಲಿ ಅವಳು ಜ್ವರದಲ್ಲಿ, ಕಾಲು ಉಳುಕಿಸಿಕೊಂಡು, ಅಪ್ಪ ಸತ್ತನೆಂಬ ಫೋನು ಬಂದ ದಿನವೂ ಎಂಬತ್ತು ಜನಕ್ಕೆ ಬಡಿಸಿದ್ದಳು. ಕೈಗಳಿಗೆ ದುಃಖ ತಿಳಿಯುವುದಿಲ್ಲ.

ಹಾಲಿನ ಪಾತ್ರೆ ಇಳಿಸಿ ಅನ್ನದ ಪಾತ್ರೆ ಇಟ್ಟಳು. ಬೆಂಕಿಪೊಟ್ಟಣ ತೆಗೆದುಕೊಂಡಳು.

ಒಲೆ ಹಚ್ಚಿದರೆ ವಾಸನೆ ಮೆಟ್ಟಿಲಗುಂಟ ಇಳಿಯುತ್ತದೆ. ಹತ್ತೇ ನಿಮಿಷ. ಹೆಣ ಹೋದ ದಿನವೇ ಈ ಮನೆಯವರು ತಾವೇ ಬೇಯಿಸಿಕೊಂಡು ಉಂಡರೆಂದು ಕೇರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಅವರು ಇವಳ ಮುಖ ನೋಡುವ ಹಾಗಿಲ್ಲ, ಇವಳು ಅವರದ್ದು ನೋಡುವ ಹಾಗಿಲ್ಲ. ಮಹಡಿ ಖಾಲಿ ಮಾಡಿ ಎಲ್ಲಾದರೂ ಹೋಗಬೇಕು. ಎಲ್ಲಿಗೆ? ಮತ್ತೆ ಲಂಡನ್ನಿಗೆ? ಆ ಯೋಚನೆಗೇ ಮೊಣಕಾಲು ನೋಯಿತು. ಅಕ್ಕ ಹನ್ನೊಂದು ವರ್ಷ ತಟ್ಟೆ ಹೊತ್ತದ್ದು ಒಂದು ಕಡ್ಡಿಯಲ್ಲಿ ಮುಗಿದುಹೋಗುತ್ತಿತ್ತು.

ಅವಳು ಬೆಂಕಿಪೊಟ್ಟಣ ಕೆಳಗಿಟ್ಟಳು. ತೊಳೆದ ಅಕ್ಕಿಯನ್ನು ಅಲ್ಲೇ ಬಿಟ್ಟು, ತಲೆಯ ಬಿಳಿ ವಸ್ತ್ರ ಸರಿಮಾಡಿಕೊಂಡು ಹಜಾರ ದಾಟಿದಳು.

"ಎಲ್ಲಿಗೆ ಖಾಲ್ತೊ?"

"ಕೆಳಗೆ."

ಇಪ್ಪತ್ತಮೂರು ಮೆಟ್ಟಿಲು. ಒಂದೊಂದಕ್ಕೂ ಗೋಡೆ ಹಿಡಿದು ಇಳಿದಳು. ಸಾವಿನ ಮನೆಯವರು ಊಟ ಕೇಳಿಕೊಂಡು ಹೋಗುವುದನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಇನ್ನೂರು ಮುದುಕಿಯರಲ್ಲಿ ಒಬ್ಬಳೂ ಹೇಳಿರಲಿಲ್ಲ. ಹಸಿರು ಬಾಗಿಲು ತಟ್ಟಿದಳು.

ಉಮ್ ಬಾಸಿಲ್ ತಕ್ಷಣ ತೆರೆದಳು, ಬಾಗಿಲ ಹಿಂದೆಯೇ ನಿಂತಿದ್ದವಳ ಹಾಗೆ. ಎಪ್ಪತ್ತೆರಡು ವರ್ಷ, ದಪ್ಪ ದೇಹ, ಅತ್ತು ಊದಿದ ಕಣ್ಣು. ಬೆಳಿಗ್ಗೆ ರಸ್ಮಿಯ್ಯಾಳ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕೂದಲು ತೊಳೆದವಳು ಇವಳೇ.

"ಏನು ಬೇಕಿತ್ತು ಸಿತ್ತ್ ಇನ್ಸಾಫ್?" ಹೊರಗಿನ ಅಮ್ಮಾವ್ರನ್ನು ಮಾತಾಡಿಸುವ ಹಾಗೆ ಕೇಳಿದಳು.

"ಮೇಲೆ ಹದಿನೇಳು ಜನ ಇದ್ದಾರೆ. ಮಕ್ಕಳಿದ್ದಾವೆ. ಊಟ ಬಂದಿಲ್ಲ."

"ಅಯ್ಯೋ. ನಿಮ್ಮ ಮನೆಗೂ ಊಟ ಕೊರತೆಯಾ? ದೊಡ್ಡ ದೊಡ್ಡ ಹೋಟೆಲಿನವರು ಕಳಿಸ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ."

"ಉಮ್ ಬಾಸಿಲ್, ನನಗೆ ನಿಲ್ಲೋಕೂ ಆಗ್ತಿಲ್ಲ. ಬಯ್ಯೋದಿದ್ರೆ ಕೂರಿಸಿ ಬಯ್ಯಿ."

ಉಮ್ ಬಾಸಿಲ್ ಬಾಗಿಲು ಬಿಟ್ಟು ಒಳಗೆ ನಡೆದಳು. ಇನ್ಸಾಫ್ ಹಿಂದೆ ಹೋದಳು. ಅಡುಗೆಮನೆಯ ನೆಲದ ಮೇಲೆ, ಮದುವೆಗೆ ತೆಗೆಯುವಂಥ ದೊಡ್ಡ ಅಲ್ಯುಮಿನಿಯಂ ಪಾತ್ರೆ ಕಂಬಳಿ ಹೊದ್ದು ಕೂತಿತ್ತು. ಪಕ್ಕದಲ್ಲಿ ಇನ್ನೊಂದು, ಮಾಂಸದ್ದು. ಮೊಸರಿನ ಹುಳಿ ವಾಸನೆ ಕೋಣೆ ತುಂಬಿತ್ತು.

"ಹನ್ನೆರಡು ಗಂಟೆಗೇ ಆಗಿತ್ತು," ಉಮ್ ಬಾಸಿಲ್ ಅಂದಳು. "ಪಕ್ಕದ ಮನೆ ಉಮ್ ನಬೀಹ್ ಬೇರೆ ಮಾಡಿಟ್ಟಿದ್ದಾಳೆ ಅವಳ ಮನೇಲಿ. ಎದುರು ಮನೆಯವಳೂ. ಯಾರಿಗೂ ಧೈರ್ಯ ಇಲ್ಲ. ನೀನು ತಗೊಂಡ್ಹೋಗು, ನೀನು ತಗೊಂಡ್ಹೋಗು ಅಂತ ಮಧ್ಯಾಹ್ನದಿಂದ ತಳ್ಳಾಡ್ತಿದ್ದೀವಿ. ಯಾರ ಅನ್ನ ನಾಳೆ ಪುಸ್ತಕದಲ್ಲಿ ಬರುತ್ತೋ ಅಂತ."

"ನಾನು ಬರೆಯೋದು ಬಿಟ್ಟು ಆರು ವರ್ಷ ಆಯ್ತು."

"ಬರೆದದ್ದು ಅಳಿಸುತ್ತಾ? ಇನ್ನೂರ ಹನ್ನೆರಡು. ನನಗೆ ಓದೋಕೆ ಬರಲ್ಲ, ಪುಟದ ನಂಬರು ಮಾತ್ರ ಗೊತ್ತು. ನನ್ನ ಮೊಮ್ಮಗಳು ಶಾಲೇಲಿ ಕೇಳಿಸ್ಕೊಂಡು ಬಂದ್ಲು. ಹಗ್ಗದ ಮಾಂಸದ ಅಜ್ಜಿ ನಿಮ್ಮಜ್ಜಿನೇನಾ ಅಂದರಂತೆ."

ಇನ್ಸಾಫ್ ಪಾತ್ರೆಗಳ ಪಕ್ಕ ಮೋರಿಯ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಕೂತರೆ ಏಳುವುದು ಕಷ್ಟವೆಂದು ಗೊತ್ತಿತ್ತು. ಆದರೂ ಕೂತಳು.

"ನಿಮ್ಮಮ್ಮ ಸತ್ತ ದಿನ ಆ ಅನ್ನ ಯಾಕೆ ಹಾಗಾಗಿತ್ತು, ಗೊತ್ತಾ ನಿನಗೆ?" ಉಮ್ ಬಾಸಿಲ್ ನಿಂತೇ ಕೇಳಿದಳು. ದನಿ ಏರಲಿಲ್ಲ.

"ಇಲ್ಲ."

"ನೀನು ಲಂಡನ್ನಿಂದ ಹೊರಟಿದ್ದೆ. ಬೆಳಿಗ್ಗೆ ಗಡಿ ಸೇತುವೆ ಹತ್ರ ಬಂದಿದ್ದೀನಿ, ಹನ್ನೆರಡಕ್ಕೆ ಬರ್ತೀನಿ ಅಂತ ಫೋನ್ ಮಾಡ್ದೆ. ನಾನು ಹನ್ನೆರಡಕ್ಕೆ ಸರಿಯಾಗಿ ಅನ್ನ ಇಳಿಸಿದೆ. ಸೈನಿಕರು ನಿನ್ನನ್ನ ಅಲ್ಲಿ ಕೂರಿಸಿಬಿಟ್ರು. ಒಂದಾಯ್ತು, ಮೂರಾಯ್ತು. ಮಗಳು ಮುಖ ನೋಡಲಿ ಅಂತ ಹೆಣ ಇಟ್ಕೊಂಡು ಕೂತ್ರು. ಕತ್ತಲಾಗೋ ಹೊತ್ತಿಗೆ ನೀನು ಬಂದೆ. ಆರು ಗಂಟೆ ಮುಚ್ಚಿಟ್ಟ ಅನ್ನ ಹೂವಿನ ಹಾಗಿರುತ್ತಾ? ಮಾಂಸ ಮೂರು ಸಲ ಬಿಸಿ ಮಾಡ್ದೆ. ನೀನು ತಣ್ಣಗಿರೋದನ್ನ ತಿನ್ನಬಾರದು ಅಂತ."

ಮೋರಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಆ ದಿನ ಸೇತುವೆಯ ಬೆಂಚಿನ ಮೇಲೆ ಕೂತದ್ದು ಇನ್ಸಾಫಳಿಗೆ ನೆನಪಿತ್ತು. ಎದುರಿನ ಗೋಡೆಯ ಬಣ್ಣ ಸಹ ನೆನಪಿತ್ತು. ಊಟವೂ ನೆನಪಿತ್ತು. ಎರಡನ್ನೂ ಸೇರಿಸಿ ನೋಡಿರಲಿಲ್ಲ. ಅನ್ನದ ಬಗ್ಗೆ ಹದಿನಾರು ಪುಟ ಬರೆದಿದ್ದಳು. ಯಾವ ಅಕ್ಕಿ, ಎಷ್ಟು ನೀರು, ಎಷ್ಟು ಹೊತ್ತು.

"ನನಗೆ ಗೊತ್ತಿರಲಿಲ್ಲ."

"ಕೇಳಿದ್ರೆ ತಾನೆ ಗೊತ್ತಾಗೋದು. ದೇಶದ ಮುದುಕಿಯರನ್ನೆಲ್ಲ ಕೇಳ್ದೆ, ಉಪ್ಪು ಎಷ್ಟು, ಹುಳಿ ಎಷ್ಟು ಅಂತ. ನಿನ್ನ ಕೆಳಗಿನ ಮನೇಲಿ ಒಬ್ಬಳು ಇದ್ದಾಳೆ ಅನ್ನೋದು ಮರೆತುಹೋಯ್ತು."

"ನೀವಾದರೂ ಹೇಳಬಹುದಿತ್ತು."

"ರಸ್ಮಿಯ್ಯಾ ಬಿಡಲಿಲ್ಲ. ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತು ಅತ್ತಳು. ತಂಗಿಗೆ ಹೇಳಬೇಡ, ಅವಳು ಅಲ್ಲಿ ಒಬ್ಬಳೇ ಇದ್ದಾಳೆ, ಕೊರಗ್ತಾಳೆ ಅಂದ್ಲು. ಹೇಳಲ್ಲ ಅಂದೆ. ಇವತ್ತು ಅವಳು ಹೋದಳು. ಹೇಳ್ದೆ." ಉಮ್ ಬಾಸಿಲ್ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು. "ಅವಳು ಕೊಟ್ಟ ತಟ್ಟೆ ಎಷ್ಟು ತಿಂದಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಅವಳ ಸಾವಿಗೆ ಬೇಯಿಸಿದ್ದು ಇಲ್ಲಿ ಹೀಗೆ ಕೂತಿದೆ. ಇದಕ್ಕಿಂತ ನಾಚಿಕೆ ಇನ್ನೇನಿದೆ ನನಗೆ?"

ಇನ್ಸಾಫ್ ಕ್ಷಮಿಸಿ ಎನ್ನಬೇಕೆಂದುಕೊಂಡಳು. ಆ ಮಾತು ಬಾಯಿಗೆ ಬಂದು ಸಪ್ಪೆಯಾಯಿತು. ಬದಲಿಗೆ ಅವಳು ಕೈ ಚಾಚಿದಳು.

"ನನ್ನ ಎಬ್ಬಿಸಿ. ಹೊತ್ತು ಮುಳುಗೋದರಲ್ಲಿದೆ."

ಉಮ್ ಬಾಸಿಲ್ ಎಳೆದು ಎಬ್ಬಿಸಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಎದುರು ಮನೆಗೆ ಕೂಗಿದಳು: "ಏಯ್, ತಟ್ಟೆಗಳನ್ನ ತನ್ನಿ! ನಿಮ್ಮ ಹುಡುಗರನ್ನ ಕಳಿಸಿ! ಪಾತ್ರೆ ಹೊರಬೇಕು!" ಕೂಗು ಮುಗಿಯುವ ಮೊದಲೇ ಎದುರು ಕಿಟಕಿ ತೆರೆದುಕೊಂಡಿತು. ಅವರೂ ಕಾಯುತ್ತಿದ್ದರು.

ಸುಹೈಲ್ ಮತ್ತು ಅವನ ತಮ್ಮ ಬಂದು ಪಾತ್ರೆ ಹೊತ್ತರು. ಹಜಾರದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಗಲ ತಟ್ಟೆಗಳಲ್ಲಿ ತೆಳು ರೊಟ್ಟಿ, ಅದರ ಮೇಲೆ ಅನ್ನ, ಅದರ ಮೇಲೆ ಮಾಂಸ ಸುರಿದು ಮೊಸರು ಹೊಯ್ದರು. ಮಕ್ಕಳು ಯಾರನ್ನೂ ಕಾಯದೆ ಕೈ ಹಾಕಿದವು. ಬೀಗಿತ್ತಿ ಮೂರನೇ ತುತ್ತಿಗೆ ಮಾತು ಬಿಟ್ಟಳು. ಕೇರಿಯ ಹೆಂಗಸರು ಬಾಗಿಲ ಹತ್ತಿರ ಸಾಲಾಗಿ ನಿಂತರು. ಬಡಿಸುವ ನೆಪದಲ್ಲಿ ಅವರೆಲ್ಲ ನೋಡುತ್ತಿದ್ದದ್ದು ಇನ್ಸಾಫಳ ಬಾಯಿಯನ್ನೇ.

ಅವಳು ಮೂರು ಬೆರಳಲ್ಲಿ ಅನ್ನ ಒತ್ತಿ ಬಾಯಿಗಿಟ್ಟಳು. ಮುದ್ದೆಯಾಗಿತ್ತು. ಐದು ಗಂಟೆ ಕಂಬಳಿಯೊಳಗೆ ಕೂತ ಅನ್ನ, ಕಾಳು ಕಾಳಿಗೆ ಅಂಟಿ ಹಿಟ್ಟಾಗಿತ್ತು. ಮಾಂಸ ಹಗ್ಗದಂತೆಯೇ ಇತ್ತು. ಅವಳು ಅಗಿದಳು. ತುಂಬಾ ಹೊತ್ತು ಅಗಿಯಬೇಕಾಯಿತು. ನಿನ್ನೆ ರಾತ್ರಿ ಅಕ್ಕ ಕೊಟ್ಟ ಹಾಲಿನ ನಂತರ ಅವಳ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು.

ಉಮ್ ಬಾಸಿಲ್ ಮೊಸರಿನ ಜಗ್ಗು ಹಿಡಿದು ಪಕ್ಕದಲ್ಲಿ ಬಂದು ನಿಂತಳು. ಬೇರೆ ಊಟವಾದರೆ ಉಂಡವರು ಬೇಯಿಸಿದವರ ಕೈಯನ್ನು ಹೊಗಳುತ್ತಾರೆ, ಬೇಯಿಸಿದವರು ಇನ್ನಷ್ಟು ಹಾಕಿಸಿಕೊಳ್ಳಿ ಎನ್ನುತ್ತಾರೆ. ಸಾವಿನ ಊಟದಲ್ಲಿ ರುಚಿಯ ಮಾತಿಲ್ಲ. ಚೆನ್ನಾಗಿದೆ ಅನ್ನುವ ಹಾಗಿಲ್ಲ, ಚೆನ್ನಾಗಿಲ್ಲ ಅನ್ನುವ ಹಾಗೂ ಇಲ್ಲ. ಸತ್ತವರಿಗೆ ಒಂದು ಮಾತು ಹೇಳಿ ಕೈ ತೊಳೆಯಬೇಕು, ಅಷ್ಟೇ.

"ದೇವರು ಅವಳಿಗೆ ಕರುಣೆ ತೋರಲಿ," ಇನ್ಸಾಫ್ ಅಂದಳು.

"ಈ ಮಾತು ಆವತ್ತು ಬರೆಯೋವಾಗ ನೆನಪಿರಲಿಲ್ವಾ?" ಉಮ್ ಬಾಸಿಲ್ ಮೆಲ್ಲಗೆ ಕೇಳಿದಳು.

"ಇರಲಿಲ್ಲ."

ಉಮ್ ಬಾಸಿಲ್ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಸಾಕಾಯಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಬಗ್ಗಿ ಇನ್ಸಾಫಳ ಮುಂದಿನ ಅನ್ನಕ್ಕೆ ಮೊಸರು ಸುರಿದಳು, ಬೇಡವೆನ್ನುವ ಮೊದಲೇ.

"ನಾಳೆ ಊಟ ಉಮ್ ನಬೀಹಳದು," ಅವಳು ಅಂದಳು. "ಅವಳ ಅನ್ನ ನಂದಕ್ಕಿಂತ ಕಡೆ. ಮೊದಲೇ ಹೇಳಿರ್ತೀನಿ."

"ಏಯ್, ನನಗೆ ಕೇಳಿಸ್ತು!" ಬಾಗಿಲ ಹತ್ತಿರದಿಂದ ಉಮ್ ನಬೀಹ್ ಅಂದಳು.

ಯಾರೋ ನಕ್ಕರು. ನಗಬಾರದೆಂದು ನೆನಪಾಗಿ ತಕ್ಷಣ ಕೆಮ್ಮಿದರು. ಇನ್ಸಾಫ್ ನಗಲಿಲ್ಲ. ಮತ್ತೊಂದು ತುತ್ತು ಒತ್ತಿದಳು. ಒಳಗೆ ತಣ್ಣನೆಯ ಒಲೆಯ ಮೇಲೆ ತೊಳೆದ ಅಕ್ಕಿ ನೀರಿಲ್ಲದೆ ಒಣಗುತ್ತಿತ್ತು. ಮೂರು ದಿನ ಅದನ್ನು ಮುಟ್ಟುವ ಅಗತ್ಯವಿರಲಿಲ್ಲ. ಹೊರಗೆ ಸಂಜೆಯ ಬಾಂಗು ಕೂಗಿತು. ಅವಳು ಅಗಿಯುತ್ತಲೇ ಇದ್ದಳು.

"ಸಾವಕಾಶ ತಿನ್ನು ಇನ್ಸಾಫ್," ಉಮ್ ಬಾಸಿಲ್ ಅಂದಳು. "ಇನ್ನೂ ಇದೆ."